ಕೂಗಳತೆಯ ದೂರದಲ್ಲಿ

ಧಾರವಾಡದಿಂದ ಪಶ್ಚಿಮಕ್ಕೆ ಹೊರಟ ಪ್ರಯಾಣಿಕನಿಗೆ ನೆಲದ ಬಣ್ಣವೇ ಮೊದಲು ಸುದ್ದಿ ಹೇಳುತ್ತದೆ. ಎರೆಯ ಕಪ್ಪು ಹಿಂದೆ ಬಿದ್ದು, ಕೆಮ್ಮಣ್ಣು ಕಾಣಿಸಿಕೊಂಡು, ಜೋಳದ ಹೊಲಗಳು ಮುಗಿದು ಬತ್ತದ ಗದ್ದೆಗಳು ಮೊದಲಾಗಿ, ಅವುಗಳ ಅಂಚಿನಲ್ಲಿ ತೇಗದ ಮರಗಳು ಸಾಲುಗಟ್ಟಿ ನಿಂತಾಗ ಹಳಿಯಾಳ ಸಮೀಪಿಸಿತೆಂದು ತಿಳಿಯಬೇಕು. ಬಯಲುಸೀಮೆ ಮಲೆನಾಡನ್ನು ಮುಟ್ಟುವ ಈ ಸೆರಗಿನಲ್ಲಿ ಹಳಿಯಾಳ, ಅದರಿಂದ ಬೇರೆಯಾಗಿ ಈಚೆಗೆ ತಾಲೂಕಾದ ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ಎಂಬ ಉತ್ತರ ಕನ್ನಡದ ನಾಲ್ಕು ತಾಲೂಕುಗಳಿವೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಾಳಿ ನದಿಯ ಸೊಬಗಿಗಾಗಿ, ಹುಲಿಯಿರುವ ಅಡವಿಗಾಗಿ, ಉಳವಿಯ ಚೆನ್ನಬಸವಣ್ಣನ ಸನ್ನಿಧಿಗಾಗಿ, ಮುಂಡಗೋಡದ ಟಿಬೇಟಿ ವಿಹಾರಗಳಿಗಾಗಿ. ಇವೆಲ್ಲವೂ ನೋಡತಕ್ಕವೇ ಸರಿ. ಆದರೆ ನಮ್ಮ ಈ ಸಲದ ಸಂಚಾರದ ಉದ್ದೇಶ ಬೇರೆ. ಈ ಕಾಡಿನ ಅಂಚಿನಲ್ಲಿ ಬಾಳುವ ಒಂದು ಜನ, ಕಷ್ಟ ಬಂದ ವೇಳೆಯಲ್ಲಿ ಯಾರನ್ನು ಕೂಗಿ ಕರೆಯುತ್ತಾರೆ, ಯಾರನ್ನು ಕರೆಯಲು ಹಿಂಜರಿಯುತ್ತಾರೆ, ಏಕೆ ಹಿಂಜರಿಯುತ್ತಾರೆ ಎಂಬುದನ್ನು ತಿಳಿಯುವ ಹಂಬಲದಿಂದ ಹೊರಟಿದ್ದೆವು.

ಆ ಜನರೇ ಸಿದ್ದಿಗಳು. ಇವರ ಪೂರ್ವಜರು ಆಫ್ರಿಕದ ಪೂರ್ವ ತೀರದವರು. ಅರಬರ ಮತ್ತು ಪೋರ್ಚುಗೀಜರ ಹಡಗುಗಳಲ್ಲಿ ಕೆಲವರು ಸಿಪಾಯಿಗಳಾಗಿ, ಹೆಚ್ಚಿನವರು ಗುಲಾಮರಾಗಿ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿದರು. ಅಹಮದನಗರದ ರಾಜ್ಯವನ್ನು ಎತ್ತಿ ಹಿಡಿದ ಮಲಿಕ್ ಅಂಬರನನ್ನೂ ಜಂಜೀರೆಯ ಜಲದುರ್ಗವನ್ನಾಳಿದ ಸಿದ್ದಿ ಸರದಾರರನ್ನೂ ಇತಿಹಾಸದ ಪಾಠದಲ್ಲಿ ಓದಿದ ನಮಗೆ, ಅದೇ ಖಂಡದಿಂದ ಬಂದವರ ಸಂತತಿ ನಮ್ಮ ನಾಡಿನಲ್ಲಿಯೇ ಗದ್ದೆ ಉತ್ತು ಬದುಕುತ್ತಿರುವ ಸಂಗತಿ ಅಷ್ಟಾಗಿ ಗೊತ್ತಿರುವುದಿಲ್ಲ. ಗೋವೆಯ ಒಡೆಯರ ಮನೆಗಳಿಂದ ತಪ್ಪಿಸಿಕೊಂಡವರು ಘಟ್ಟವೇರಿ ಈ ಕಾಡುಗಳನ್ನು ಸೇರಿದರು. ನಮಗೆ ವಿಹಾರಸ್ಥಳವಾದ ಅಡವಿ ಅವರಿಗೆ ಅಡಗುತಾಣವಾಗಿತ್ತು. ಹುಡುಕಿಕೊಂಡು ಬರುವ ಅಧಿಕಾರಿಯ ಕೈಗೆ ಸಿಗದಿರುವುದೇ ಕ್ಷೇಮ ಎಂಬ ಪಾಠದಿಂದಲೇ ಈ ನೆಲದ ಮೇಲೆ ಅವರ ಬಾಳು ಮೊದಲಾಯಿತು.

೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಸಿದ್ದಿಗಳ ಸಂಖ್ಯೆ ಸುಮಾರು ಹತ್ತು ಸಾವಿರ. ಯಲ್ಲಾಪುರ, ಅಂಕೋಲೆ, ಶಿರಸಿಗಳ ಕಡೆ ಹೆಚ್ಚಾಗಿ ಹಿಂದೂಗಳು. ಹಳಿಯಾಳ, ಮುಂಡಗೋಡಗಳ ಕಡೆ ಮುಸಲ್ಮಾನರೂ ಕ್ರೈಸ್ತರೂ ಹೆಚ್ಚು. ಮನೆಯಲ್ಲಿ ಕೊಂಕಣಿ ಮರಾಠಿ ಬೆರೆತ ಮಾತು, ಕೆಲವೆಡೆ ಉರ್ದು. ಶಾಲೆಯಲ್ಲಿ, ಸಂತೆಯಲ್ಲಿ ಕನ್ನಡ. ದೇವರು ಮೂರು ಬಗೆಯಾದರೂ ಗತಿಸಿದ ಹಿರಿಯರಿಗೆ ನಡೆದುಕೊಳ್ಳುವ ಪದ್ಧತಿಯೂ ದಮಾಮಿಯ ಬಡಿತಕ್ಕೆ ಕುಣಿಯುವ ಕಾಲುಗಳೂ ಅವರನ್ನು ಒಂದೇ ಬಳ್ಳಿಯ ಕಾಯಿಗಳಾಗಿ ಇರಿಸಿವೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕವದಿಗಳಿಗೆ ಈಗ ಪರದೇಶದ ಕಲಾಪ್ರದರ್ಶನಗಳಲ್ಲಿಯೂ ಮನ್ನಣೆ ದೊರೆತಿದೆ.

ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಕೇರಿಗೆ ನಾವು ಹೋದಾಗ ಸಂಜೆಯಾಗಿತ್ತು. ಮನೆಗಳು ಒತ್ತಾಗಿಲ್ಲ, ಗದ್ದೆಯ ಬದುವಿನಲ್ಲಿ ಒಂದು, ಹಳ್ಳದಾಚೆ ಇನ್ನೊಂದು. ಆದರೆ ಯಾವ ಮನೆಯೂ ಮತ್ತೊಂದು ಮನೆಯ ಕೂಗಿಗೆ ನಿಲುಕದಷ್ಟು ದೂರವಿಲ್ಲ. ‘ಕೂಗಳತೆ’ ಎಂಬ ನಮ್ಮ ಹಳೆಯ ಮಾತಿಗೆ ಪಟ್ಟಣದಲ್ಲಿ ಅರ್ಥ ಉಳಿದಿಲ್ಲ. ಇಲ್ಲಿ ಅದು ಜೀವಂತವಾದ ಅಳತೆ. ಹಾವು ಕಡಿದರೆ, ಗದ್ದೆಗೆ ಹಂದಿಯ ಹಿಂಡು ನುಗ್ಗಿದರೆ, ಅಪರಿಚಿತನೊಬ್ಬ ಅಪವೇಳೆಯಲ್ಲಿ ಸುಳಿದಾಡಿದರೆ, ಕುಡಿದು ಬಂದವನೊಬ್ಬ ಹೆಂಡತಿಯ ಮೇಲೆ ಕೈಯೆತ್ತಿದರೆ, ಮೊದಲು ಏಳುವುದು ಒಂದು ಕೂಗು. ಅದಕ್ಕೆ ಓಗೊಟ್ಟು ಮೂರು ಕಡೆಯಿಂದ ಬೆಳಕುಗಳು ಬರುತ್ತವೆ.

ಕವದಿ ಹೊಲಿಯುತ್ತ ಕುಳಿತಿದ್ದ ಅಜ್ಜಿಯೊಬ್ಬಳನ್ನು, “ಇಂಥ ಹೊತ್ತಿನಲ್ಲಿ ಪೋಲೀಸರಿಗೆ ತಿಳಿಸುವುದಿಲ್ಲವೇ ಅಜ್ಜಿ?” ಎಂದು ಕೇಳಿದೆವು. ಅವಳು ಸೂಜಿಯಿಂದ ಕಣ್ಣೆತ್ತದೆಯೇ ಹೇಳಿದಳು:

“ಅವರು ಬರೂದ್ರಾಗ ಬೆಳಗಾಗ್ತದ ತಮ್ಮಾ. ಬಾಜೂ ಮನಿಯಾಕಿ ಬರಾಕ ಒಂದು ಕೂಗು ಸಾಕು. ಮತ್ತ, ಅವರು ಬಂದ್ರೂ ಯಾರ ಸಲುವಾಗಿ ಬಂದಾರ ಅನ್ನೂದು ಮೊದಲಿಗೆ ತಿಳಿಯೂದಿಲ್ಲ.”

ಈ ಕೊನೆಯ ಮಾತು ನಮ್ಮನ್ನು ಮುಂದಿನ ಪ್ರಯಾಣದುದ್ದಕ್ಕೂ ಬಿಡಲಿಲ್ಲ. ಪೋಲೀಸರು ತಡವಾಗಿ ಬರುತ್ತಾರೆಂಬುದು ಎಲ್ಲ ಹಳ್ಳಿಗಳ ದೂರು. ಬಂದವರು ಯಾರ ಕಡೆಯವರೆಂದು ತಿಳಿಯದೆಂಬುದು ಬೇರೆಯೇ ದೂರು. ಅದಕ್ಕೆ ಇತಿಹಾಸವಿದೆ.

ಉತ್ತರ ಕನ್ನಡ ಜಿಲ್ಲೆ ೧೮೬೨ರಿಂದ ೧೯೫೬ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ೧೮೬೭ರ ಮುಂಬಯಿ ಗ್ರಾಮ ಪೋಲೀಸ್ ಕಾಯಿದೆಯ ಪ್ರಕಾರ ಹಳ್ಳಿಯ ಮಟ್ಟದಲ್ಲಿ ಪೋಲೀಸ್ ಅಧಿಕಾರ ನಡೆಸುತ್ತಿದ್ದವನು ಪೋಲೀಸ್ ಪಾಟೀಲ. ಆ ಪದವಿ ಸಾಮಾನ್ಯವಾಗಿ ಊರಿನ ಭೂಮಿವಂತರ ಮನೆತನದ್ದು. ಭೂಮಿಯಿಲ್ಲದ ಸಿದ್ದಿ ಸಾಲ ತಂದದ್ದು, ಆಳಾಗಿ ದುಡಿದದ್ದು ಅಂಥ ಮನೆತನಗಳಲ್ಲಿಯೇ. ಒಡೆಯನ ಮೇಲಿನ ದೂರನ್ನು ಒಡೆಯನ ಜಗಲಿಯಲ್ಲಿಯೇ ಹೇಳಿಕೊಳ್ಳುವುದೆಂತು? ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯ ರದ್ದುಪಡಿಸಿದ್ದು ೧೯೬೧ರ ಕಾಯಿದೆಯಿಂದ. ಜೀತ ಪದ್ಧತಿಯನ್ನು ಅಳಿಸುವ ಕಾನೂನು ಬಂದದ್ದು ೧೯೭೬ರಲ್ಲಿ. ಅದೇ ೧೯೭೬ರಲ್ಲಿಯೇ ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು ಟಿ. ಸಿ. ಪಾಲಾಕ್ಷಪ್ಪನವರ ಅಧ್ಯಯನವು ಪುಸ್ತಕರೂಪದಲ್ಲಿ ಹೊರಬಂದಿತು. ಒಡೆಯ-ಆಳುಗಳ ಸಂಬಂಧವು ಈ ಜನರ ಬಾಳನ್ನು ಹೇಗೆ ಬಿಗಿದಿತ್ತೆಂಬುದನ್ನು ಅದರಲ್ಲಿ ಕಾಣಬಹುದು.

ಇನ್ನು ಕಾಡಿನ ಮಾತು. ಕಾಡಿನಂಚಿನವನಿಗೆ ಖಾಕಿ ಬಟ್ಟೆಯವರು ಎರಡು ಬಗೆ: ಠಾಣೆಯವರು ಮತ್ತು ಅರಣ್ಯದವರು. ಅರಣ್ಯ ಕಾಯಿದೆಗಳು ಅಪ್ಪಣೆಪತ್ರವಿಲ್ಲದೆ ದಸ್ತಗಿರಿ ಮಾಡುವ ಅಧಿಕಾರವನ್ನು ಅರಣ್ಯಾಧಿಕಾರಿಗಳಿಗೂ ಪೋಲೀಸರಿಗೂ ಕೊಟ್ಟಿವೆ. ಒಲೆಗೆ ಸೌದೆ, ಗುಡಿಸಲಿಗೆ ಗಳ, ಮಾರಾಟಕ್ಕೆ ಜೇನು, ಇವುಗಳಿಗಾಗಿ ದಿನಬೆಳಗಾದರೆ ಕಾಡಿಗೆ ಹೋಗಬೇಕಾದವನಿಗೆ ಯಾವ ದಿನ ಯಾವ ಕಲಮು ತನ್ನ ಮೇಲೆ ಬೀಳುವುದೋ ಎಂಬ ಅಂಜಿಕೆ ಇದ್ದೇ ಇರುತ್ತದೆ. ಪಟ್ಟಾ ಇಲ್ಲದ ನೆಲದ ಮೇಲೆ ಮನೆ ಕಟ್ಟಿಕೊಂಡವನು, ಕಳ್ಳತನವಾಯಿತೆಂದು ಅಧಿಕಾರಿಯನ್ನು ಮನೆಗೆ ಕರೆದರೆ, ಬಂದವರು ಕಳ್ಳನನ್ನು ಹುಡುಕುವ ಮೊದಲು ಮನೆಯ ಕಾಗದ ಕೇಳಿದರೆ ಏನು ಗತಿ? ಇದರ ಜೊತೆಗೆ ಲೆಕ್ಕಾಚಾರದ ಮಾತೂ ಇದೆ. ಠಾಣೆಗೆ ಹೋದ ದಿನದ ಕೂಲಿ ಹೋಯಿತು. ಬಸ್ಸಿನ ಖರ್ಚು ಬಂತು. ಓದಲು ಬಾರದವನು ಬರೆದುಕೊಂಡದ್ದು ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಕು. ನಾಳೆ ನ್ಯಾಯಾಲಯದ ಕಟ್ಟೆ ಹತ್ತಬೇಕು. ಹೀಗೆ ಎಣಿಸಿ ನೋಡಿದರೆ, ಸುಮ್ಮನಿರುವುದೇ ಅಗ್ಗವೆಂದು ಬಡವನಿಗೆ ತೋರಿದಲ್ಲಿ ಆಶ್ಚರ್ಯವೇನು?

ಆದುದರಿಂದಲೇ ಕೇರಿಯ ಹಿರಿಯರ ಕೂಟಕ್ಕೆ ಇಷ್ಟು ಬೆಲೆ. ಈ ಜಿಲ್ಲೆಯ ಹಲವು ಸಮಾಜಗಳಲ್ಲಿ ಬುದವಂತನೆಂಬ ಹಿರಿಯನು ನ್ಯಾಯ ಹೇಳುವ ವಾಡಿಕೆ ಹಿಂದಿನಿಂದ ಬಂದದ್ದು. ಸಿದ್ದಿಗಳಲ್ಲಿಯೂ ಹಿರಿಯರ ಪಂಚಾಯಿತಿಯುಂಟು. ಮುಸಲ್ಮಾನ ಸಿದ್ದಿಗಳಲ್ಲಿ ಜಮಾತಿನ ಹಿರಿಯರು ಈ ಕೆಲಸ ಮಾಡುತ್ತಾರೆ. ಬದುವಿನ ಜಗಳ, ಕೋಳಿಯ ಕಳವು, ಸಾಲದ ತಕರಾರು, ಗಂಡ ಹೆಂಡಿರ ಮುನಿಸು ಎಲ್ಲವೂ ಮೊದಲು ಅಲ್ಲಿಗೆ ಬರುತ್ತವೆ. ಇಬ್ಬರ ಮಾತನ್ನೂ ಕೇಳುತ್ತಾರೆ. ತಪ್ಪು ಮಾಡಿದವನು ಎಲ್ಲರೆದುರು ಒಪ್ಪಿಕೊಳ್ಳಬೇಕು, ದಂಡ ತೆರಬೇಕು. ಅವನು ಮರುದಿನವೂ ಅದೇ ಕೇರಿಯಲ್ಲಿ ಬದುಕಬೇಕಾದವನಾದುದರಿಂದ ಅವನನ್ನು ಮುರಿಯದೆ ಬಾಗಿಸುವುದೇ ಈ ನ್ಯಾಯದ ಜಾಣತನ. ವಕೀಲರ ಶುಲ್ಕವಿಲ್ಲ, ಭಾಷೆಯ ತೊಡಕಿಲ್ಲ.

ಹಳಿಯಾಳದಿಂದ ದಾಂಡೇಲಿಗೆ ಬಂದರೆ ಬೇರೊಂದು ಲೋಕ. ಕಾಳಿಯ ದಡದ ಈ ಊರನ್ನು ಬೆಳೆಸಿದ್ದು ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ. ಈಗ ಅದಕ್ಕೆ ಪ್ರವಾಸೋದ್ಯಮವೂ ಜೊತೆಯಾಗಿದೆ. ಹೊಳೆಯ ರಭಸದಲ್ಲಿ ರಬ್ಬರು ದೋಣಿ ಹಾಯಿಸಿ ಬಂದ ಅತಿಥಿಗಳಿಗೆ ರಾತ್ರಿ ಬೆಂಕಿಯ ಸುತ್ತ ಸಿದ್ದಿ ತಂಡಗಳ ಕುಣಿತ. ಅತಿಥಿಗಳು ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ; ಆಮೇಲೆ ಕೆಲವರು, “ನೀವು ಯಾವ ದೇಶದವರು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಉತ್ತರ ಬರುವುದು ಅಚ್ಚ ಕನ್ನಡದಲ್ಲಿ.

ಈ ಪ್ರಶ್ನೆ ನಗೆಯ ಮಾತಾಗಿ ಉಳಿಯುವುದು ಕುಣಿತದ ಅಂಗಳದಲ್ಲಿ ಮಾತ್ರ. ಕೆಲಸಕ್ಕಾಗಿ, ಓದಿಗಾಗಿ ಬೆಂಗಳೂರಿಗೆ ಹೋದ ಸಿದ್ದಿ ತರುಣರಿಗೆ ಬಾಡಿಗೆಯ ಮನೆ ಹುಡುಕುವಾಗ, ಬೀದಿಯಲ್ಲಿ ತಡೆದು ನಿಲ್ಲಿಸಿದಾಗ, ಪಾಸ್‌ಪೋರ್ಟ್ ತೋರಿಸೆಂಬ ಆಜ್ಞೆ ಎದುರಾಗುವುದುಂಟು. ತನ್ನ ನಾಡಿನಲ್ಲಿಯೇ ಪರದೇಶಿಯೆನಿಸಿದವನಿಗೆ ಪರದೇಶಿಗಳ ಪಾಡೂ ನೆನಪಿಗೆ ಬರುತ್ತದೆ. ೨೦೧೬ರ ಜನವರಿ ೩೧ರಂದು ಬೆಂಗಳೂರಿನಲ್ಲಿ ಬೇರೊಬ್ಬ ಆಫ್ರಿಕನ್ನನ ಕಾರಿನಿಂದಾದ ಅಪಘಾತಕ್ಕೆ ಏನೊಂದೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಆ ಪ್ರಕರಣದಲ್ಲಿ ಕರ್ತವ್ಯಲೋಪಕ್ಕಾಗಿ ಪೋಲೀಸರೂ ಅಮಾನತಾದರು. ೨೦೨೧ರ ಆಗಸ್ಟಿನಲ್ಲಿ ಅದೇ ನಗರದಲ್ಲಿ ಪೋಲೀಸರ ವಶದಲ್ಲಿದ್ದ ಕಾಂಗೋ ದೇಶದ ತರುಣನೊಬ್ಬನು ಮರಣ ಹೊಂದಿದಾಗ, ಠಾಣೆಯೆದುರು ನೆರೆದ ಆಫ್ರಿಕನ್ನರ ಮೇಲೆ ಲಾಠಿ ಬೀಸಲಾಯಿತು. ಸಮುದ್ರದಾಚೆಯ ಅಮೇರಿಕದಲ್ಲಿ ೨೦೨೦ರ ಮೇ ೨೫ರಂದು ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದವನು ಪೋಲೀಸನ ಮೊಣಕಾಲಿನಡಿ ಸತ್ತ ಕಥೆಯನ್ನು ಲೋಕವೆಲ್ಲ ಬಲ್ಲದು. ಆ ಕಥೆ ಮೊದಲಾದದ್ದು ಇಪ್ಪತ್ತು ಡಾಲರಿನ ಖೋಟಾ ನೋಟಿನ ಸಂಶಯದಿಂದ ಅಂಗಡಿಯೊಂದು ಪೋಲೀಸರಿಗೆ ಮಾಡಿದ ದೂರವಾಣಿ ಕರೆಯಿಂದ. ಕರೆ ಮಾಡುವ ಮುನ್ನ ಎರಡು ಬಾರಿ ಯೋಚಿಸುವ ಕೇರಿಗಳು ಅಲ್ಲಿಯೂ ಉಂಟು. ತಮ್ಮ ಓಣಿಯ ಜಗಳವನ್ನು ತಾವೇ ನಡುವೆ ನಿಂತು ಬಿಡಿಸುವ ಜನರ ತಂಡಗಳೂ ಅಲ್ಲಿ ಹುಟ್ಟಿಕೊಂಡಿವೆ. ನಮ್ಮ ಅಜ್ಜಿ ಅಮೇರಿಕದ ಹೆಸರನ್ನು ಕೇಳಿದ್ದಾಳೋ ಇಲ್ಲವೋ. ಆದರೆ ಅವಳ ಸಂದೇಹಕ್ಕೆ ಜಗತ್ತಿನಲ್ಲಿ ಒಡಹುಟ್ಟುಗಳಿವೆ.

ದಾಂಡೇಲಿಯಿಂದ ಜೋಯಿಡಾದ ದಾರಿ ಹಿಡಿದರೆ ಕಾಡು ಕವಿಯುತ್ತದೆ. ಹಿಂದೆ ಈ ತಾಲೂಕಿಗೆ ಸೂಪಾ ಎಂದೇ ಹೆಸರು. ಆ ಊರು ಅಣೆಕಟ್ಟಿನ ನೀರಿನಡಿ ಸೇರಿ ಹೋಯಿತು. ೧೯೫೬ರಲ್ಲಿ ವನ್ಯಧಾಮವಾಗಿ ಮೊದಲಾದ ದಾಂಡೇಲಿಯ ಕಾಡು ಅಣಶಿಯೊಡನೆ ಸೇರಿ ೨೦೦೭ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ೨೦೧೫ರಿಂದ ಅದಕ್ಕೆ ಕಾಳಿಯ ಹೆಸರು. ಇಲ್ಲಿ ಸಿದ್ದಿಗಳೊಡನೆ ಕುಣಬಿಗಳೂ ಗೌಳಿಗಳೂ ಬಾಳುತ್ತಾರೆ. ದೂರದ ಎಷ್ಟೋ ಹಳ್ಳಿಗಳಲ್ಲಿ ಕೈಯಲ್ಲಿ ಮೊಬೈಲಿದ್ದರೂ ಅದಕ್ಕೆ ಜೀವ ಬರಬೇಕಾದರೆ ಗುಡ್ಡ ಹತ್ತಬೇಕು. ಸರಕಾರದ ತುರ್ತು ಸಂಖ್ಯೆ ೧೧೨ ಎಂದು ಶಾಲೆಯ ಮಕ್ಕಳೆಲ್ಲ ಬಲ್ಲರು. ಒತ್ತಿದರೆ ತಲುಪುವ ನೆಲದಲ್ಲಿ ಅವರು ನಿಂತಿರಬೇಕಷ್ಟೆ. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವ ನೆರೆಯವರೇ ಇಲ್ಲಿ ಆಂಬುಲೆನ್ಸೂ ಹೌದು, ಪಹರೆಯೂ ಹೌದು.

ಇಷ್ಟನ್ನು ಕಂಡು ಕೇಳಿದ ಪಟ್ಟಣಿಗನಿಗೆ, ಹಿರಿಯರ ನ್ಯಾಯವೇ ಸಾಕು, ಠಾಣೆಯ ಹಂಗೇಕೆ ಎಂಬ ಮಧುರವಾದ ವಿಚಾರ ಹೊಳೆದೀತು. ಆ ವಿಚಾರವನ್ನು ಅಲುಗಿಸಿದವಳು ನಾವು ಭೇಟಿಯಾದ ಒಬ್ಬ ತರುಣಿ. ಅವಳ ಹೆಸರೂ ಊರೂ ಇಲ್ಲಿ ಬೇಡ. ಗಂಡನ ಕುಡಿತ, ಹೊಡೆತ. ಮೊದಲ ಸಲ ಅವಳು ಕೂಗಿದಾಗ ಸಂಘದ ಹೆಂಗಸರು ಓಡಿಬಂದು ಅವಳನ್ನೂ ಮಗುವನ್ನೂ ತಮ್ಮಲ್ಲಿಗೆ ಕರೆದೊಯ್ದರು. ಹಿರಿಯರು ಕುಳಿತು ಗಂಡನಿಗೆ ದಂಡ ಹಾಕಿದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ, “ಸಂಸಾರದಾಗ ಇದು ಇದ್ದದ್ದ, ತಾಳಿಕೋ ಮಗಳ” ಎಂದರು. ಅವನು ಹಿರಿಯರೊಬ್ಬರಿಗೆ ಹತ್ತಿರದ ಸಂಬಂಧಿ.

“ಆವಾಗ ಏನು ಮಾಡಿದಿರಿ ಅಕ್ಕಾ?” ಎಂದೆವು.

“ನಾನೊಬ್ಬಾಕಿ ಹೋಗಿದ್ರ ನಾಳಿ ಬಾ ಅಂತಿದ್ರು ರೀ. ಸಂಘದಾವರು ಐದು ಮಂದಿ ಕೂಡಿ ಠಾಣೆಕ್ಕ ಹೋದಿವಿ. ಬರಕೊಳ್ಳೂತನಕ ಯಾರೂ ಮ್ಯಾಲ ಏಳಲಿಲ್ಲ.”

ದೂರು ದಾಖಲಾಯಿತು. ಗಂಡನಿಗೆ ಎಚ್ಚರಿಕೆಯಾಯಿತು. ಈಗ ಅವಳು ತವರಿನ ಹತ್ತಿರ ಬೇರೆ ಮನೆ ಮಾಡಿಕೊಂಡು ಕೂಲಿ ಮಾಡಿ ಮಗುವನ್ನು ಓದಿಸುತ್ತಿದ್ದಾಳೆ. ಹಿರಿಯರ ಕೂಟ ಬಲವಾಗಿರುವುದು ಸರಿಸಮಾನರ ಜಗಳದಲ್ಲಿ. ಅನ್ಯಾಯ ಮಾಡಿದವನು ಹಿರಿಯರ ನಂಟನಾದರೆ, ಅಥವಾ ಕೇರಿಯ ಹೊರಗಿನ ಬಲವಂತನಾದರೆ, ಆ ಕೂಟದ ಕೈ ಸೋಲುತ್ತದೆ. ಅಲ್ಲಿ ಕಾನೂನೇ ಬೇಕು. ಆದರೆ ಒಬ್ಬಂಟಿಗಳಾಗಿ ಹೋಗಿದ್ದರೆ ಅವಳಿಗೆ ಕಾನೂನಿನ ಬಾಗಿಲು ಅಷ್ಟು ಬೇಗ ತೆರೆಯುತ್ತಿರಲಿಲ್ಲ. ಕೂಗಿಗೆ ಓಗೊಟ್ಟ ನೆರೆಯವರೇ ಅವಳ ಜೊತೆ ಆ ಬಾಗಿಲವರೆಗೂ ನಡೆದರು. ಈ ಸಂಚಾರದಲ್ಲಿ ನಾವು ಕಂಡ ಭದ್ರತೆಯ ನಿಜವಾದ ರೂಪ ಇದೇ.

ಇನ್ನು ಕಾನೂನಾದರೂ ಸಿದ್ದಿಗಳನ್ನು ಅರಸಿಕೊಂಡು ಬಂದದ್ದು ತಡವಾಗಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯಿದೆ ೧೯೮೯ರದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ೨೦೦೩ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಜಾತಿಯ ಹೆಸರೆತ್ತಿ ಸಿದ್ದಿಯೊಬ್ಬನನ್ನು ಹೀಯಾಳಿಸಿ ಹೊಡೆದವನಿಗೆ ಆ ಕಾಯಿದೆಯ ಭಯವಿರಲಿಲ್ಲ. ಅದೂ ಜಿಲ್ಲೆಯ ಗಡಿಯವರೆಗೆ ಮಾತ್ರ: ಹಳಿಯಾಳದ ಸಿದ್ದಿಗೆ ದೊರೆತ ಸ್ಥಾನ ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದ ಅವನ ನಂಟರಿಗೆ ದೊರೆಯಲು ೨೦೨೦ರವರೆಗೆ ಕಾಯಬೇಕಾಯಿತು. ಅದೇ ೨೦೨೦ರ ಜುಲೈಯಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮಾಜದಿಂದ ಶಾಸನಸಭೆಯ ಮೆಟ್ಟಿಲೇರಿದವರಲ್ಲಿ ಮೊದಲಿಗರಾದರು.

ಇಂದು ಈ ಕಾಯಿದೆಯಡಿಯ ದೂರಿನ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಮಾಡಬೇಕೆಂಬ ನಿಯಮವಿದೆ. ಪರಿಶಿಷ್ಟರಲ್ಲದ ಅಧಿಕಾರಿಯು ಬೇಕೆಂದೇ ಕರ್ತವ್ಯವನ್ನು ಅಲಕ್ಷಿಸಿದರೆ ಅವನಿಗೂ ಶಿಕ್ಷೆಯುಂಟು. ೧೯೮೭ರ ಕಾನೂನು ಸೇವೆಗಳ ಕಾಯಿದೆಯಂತೆ ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ ವಕೀಲರ ನೆರವು ಉಚಿತ. ೨೦೦೬ರ ಅರಣ್ಯ ಹಕ್ಕು ಕಾಯಿದೆಯು ಗ್ರಾಮಸಭೆಗೆ ಅಧಿಕಾರ ಕೊಟ್ಟು, ೨೦೦೫ರ ಡಿಸೆಂಬರ್ ೧೩ಕ್ಕೆ ಮುಂಚೆ ಅರಣ್ಯಭೂಮಿ ಸಾಗುವಳಿ ಮಾಡಿಕೊಂಡು ಬಂದ ಪರಿಶಿಷ್ಟ ಪಂಗಡದವರಿಗೆ ಹಕ್ಕುಪತ್ರ ಕೇಳಲು ದಾರಿ ತೆರೆಯಿತು. ಕೈಯಲ್ಲಿ ಹಕ್ಕುಪತ್ರವಿದ್ದವನು ಪೋಲೀಸರನ್ನು ಮನೆಗೆ ಕರೆಯಲು ಅಂಜುವುದಿಲ್ಲ. ನೆಲದ ಕಾಗದಕ್ಕೂ ರಾತ್ರಿಯ ನಿರ್ಭಯ ನಿದ್ರೆಗೂ ಇಷ್ಟು ಹತ್ತಿರದ ನಂಟಿರುವುದನ್ನು ಪಟ್ಟಣದಲ್ಲಿ ಕುಳಿತು ಊಹಿಸುವುದು ಕಷ್ಟ.

ನಮ್ಮ ಸಂಚಾರದ ಕೊನೆಯ ಊರು ಮುಂಡಗೋಡ. ೧೯೬೬ರಲ್ಲಿ ನೆಲೆಗೊಂಡ ಟಿಬೇಟಿ ವಸತಿಯಿಂದ ಈ ಊರು ಲೋಕಪ್ರಸಿದ್ಧವಾಗಿದೆ. ತಾಯ್ನಾಡು ಬಿಟ್ಟು ಬಂದ ಆ ಜನರಿಗೆ ಸರಕಾರ ಗುರುತಿಸಿ ಕೊಟ್ಟ ನೆಲವಿದೆ, ಶಿಬಿರಕ್ಕೊಬ್ಬ ನಾಯಕನಿದ್ದಾನೆ, ಸಣ್ಣಪುಟ್ಟ ತಕರಾರುಗಳನ್ನು ತಮ್ಮೊಳಗೇ ಪರಿಹರಿಸಿಕೊಂಡು, ದೊಡ್ಡದಾದರೆ ತಮ್ಮ ಕಚೇರಿಯ ಮುಖಾಂತರ ಅಧಿಕಾರಿಗಳೊಡನೆ ವ್ಯವಹರಿಸುವ ಅನುಕೂಲವಿದೆ. ಅದೇ ತಾಲೂಕಿನ ಗುಂಜಾವತಿ, ಮೈನಳ್ಳಿಗಳ ಕಡೆಯ ಸಿದ್ದಿಗಳು ತಲೆಮಾರುಗಳಿಂದ ಇಲ್ಲಿಯೇ ಇದ್ದರೂ ಅಂಥ ಕಚೇರಿಯಾಗಲಿ ಅವರ ಪರವಾಗಿ ಮಾತಾಡುವ ಅಧಿಕಾರಿಯಾಗಲಿ ಅವರಿಗಿಲ್ಲ. ಟಿಬೇಟಿಗಳ ಮೇಲೆ ಅಸೂಯೆಯಿಂದ ಈ ಮಾತಲ್ಲ. ಸಮಾಜವೊಂದು ತನ್ನ ಕ್ಷೇಮವನ್ನು ತಾನೇ ನೋಡಿಕೊಳ್ಳುವಾಗ ಸರಕಾರ ಅದನ್ನು ಗುರುತಿಸಿ ಗೌರವಿಸಿದರೆ ಎಷ್ಟು ಸುಗಮವೆಂಬುದಕ್ಕೆ ಉದಾಹರಣೆ ಅದೇ ರಸ್ತೆಯ ಮೇಲೆಯೇ ಇದೆಯೆಂದು ಹೇಳಿದೆವಷ್ಟೆ.

ಪೋಲೀಸರೂ ಈ ಅಂತರವನ್ನು ಅರಿಯದವರಲ್ಲ. ೨೦೧೭ರಲ್ಲಿ ರಾಜ್ಯದಲ್ಲಿ ಗಸ್ತಿನ ಪದ್ಧತಿಯನ್ನು ತಿದ್ದಿ, ಊರ ನಾಗರಿಕರನ್ನೂ ಗಸ್ತಿಗೆ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಏರ್ಪಾಡಾಯಿತು. ೨೦೨೫ರಲ್ಲಿ ‘ಮನೆ ಮನೆಗೆ ಪೋಲೀಸ್’ ಎಂಬ ಕಾರ್ಯಕ್ರಮ ಬಂದಿತು. ಹೆಸರು ಚೆನ್ನಾಗಿದೆ. ಕಾಡಿನ ಕೇರಿಗೆ ಬರುವ ಪೇದೆ, ದೂರಿಲ್ಲದ ದಿನವೂ ಬಂದು, ಜಗಲಿಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿದು, ಹೆಸರು ಹಿಡಿದು ಮಾತಾಡಿಸಿ ಹೋಗುವಂತಾದರೆ, ಆಪತ್ತಿನ ರಾತ್ರಿ ಅವನ ಮುಖ ಗುರುತಾಗುತ್ತದೆ. ಸಂಘದ ಹೆಂಗಸರನ್ನೂ ಕೇರಿಯ ಹಿರಿಯರನ್ನೂ ಗಸ್ತಿನ ಪಟ್ಟಿಯಲ್ಲಿ ಬರೆದುಕೊಂಡರೆ ಆ ಪಟ್ಟಿಗೆ ಬೆಲೆ ಬರುತ್ತದೆ. ಸಿದ್ದಿ ಹುಡುಗ ಹುಡುಗಿಯರಲ್ಲಿ ಖಾಕಿ ತೊಡುವವರು ಹೆಚ್ಚಿದರೆ, ಬಂದವರು ಯಾರ ಸಲುವಾಗಿ ಬಂದರೆಂಬ ಅಜ್ಜಿಯ ಸಂದೇಹವೂ ಸ್ವಲ್ಪ ಕರಗೀತು.

ಮುಂಡಗೋಡದಿಂದ ಹುಬ್ಬಳ್ಳಿಯ ಬಸ್ಸು ಹಿಡಿಯುವ ವಾಚಕರು ಕಿಟಕಿಯಾಚೆ ಗದ್ದೆಬಯಲಿನಲ್ಲಿ ದೂರದೂರ ಮಿನುಗುವ ದೀಪಗಳನ್ನು ಕಂಡಾರು. ಒಂದು ದೀಪಕ್ಕೂ ಇನ್ನೊಂದಕ್ಕೂ ನಡುವೆ ಒಂದು ಕೂಗಿನಷ್ಟೇ ಅಂತರ. ಆ ಜನ ತಮ್ಮ ನಡುವಿನ ದೂರವನ್ನು ಅಷ್ಟಕ್ಕೆ ಇಳಿಸಿಕೊಂಡಿದ್ದಾರೆ. ಠಾಣೆಯ ಮತ್ತು ಕೇರಿಯ ನಡುವಿನ ದೂರವನ್ನು ಕಡಿಮೆ ಮಾಡುವ ಕೆಲಸ ಮಾತ್ರ ಇನ್ನೂ ಉಳಿದಿದೆ. ಅದು ಕೇರಿಯವರೊಬ್ಬರಿಂದಲೇ ಆಗುವಂಥದಲ್ಲ.